ಭುಜದ ಮೇಲಿನ ಮಡಿಕೆ

ಮಗಳ ರೇಷ್ಮೆ ಲಂಗದ ಮಡಿಕೆ ಬಿಚ್ಚೋಣವೆಂದು ಬ್ಲೇಡು ಹಿಡಿದು ಕುಳಿತಿದ್ದೇನೆ. ಸಂಜೆ ಕನ್ನಡ ಸಂಘದಲ್ಲಿ ಅವಳ ನೃತ್ಯ. ಬಟ್ಟೆಯಿಂದ ನುಸಿಗುಳಿಗೆಯ ವಾಸನೆ ಬಂತು. ವಸಂತಕ್ಕ ನೆನಪಾದರು, ಕೈ ನಿಂತಿತು.

ಮಕ್ಕಳ ಬಟ್ಟೆಗೆ ಮಡಿಕೆ ಹಿಡಿದು ಹೊಲಿಯುವ ಉಪಾಯ ನಿಮಗೂ ಗೊತ್ತಿರುತ್ತದೆ. ಮಗು ಬೆಳೆದಂತೆ ಒಂದೊಂದೇ ಬಿಚ್ಚಿದರಾಯಿತು.

ವಸಂತಕ್ಕ ಬರ್ ದುಬೈಯಲ್ಲಿ ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬರೇ ಇದ್ದವರು. ಉಡುಪಿ ಕಡೆಯವರು, ಮದುಮಗಳ ಅಲಂಕಾರಕ್ಕೆ ಹೆಸರಾದವರು. ಆಗ ನನಗೆ ಮನೆ ಸಿಂಗರಿಸುವ ಹುಚ್ಚು. ಬಾಡಿಗೆ ಗೋಡೆಗೆ ಮೊಳೆ ಹೊಡೆಯುವ ಧೈರ್ಯವಿಲ್ಲದೆ, ಅಂಟುಪಟ್ಟಿ ಹಚ್ಚಿ ಜಪಾನಿನ ಗೀಶಾಗಳ ಹಳೆಯ ಫೋಟೋಗಳನ್ನು ಸಾಲಾಗಿ ಏರಿಸಿದ್ದೆ. ಹಾಡಿ ಕುಣಿದು ಅತಿಥಿಗಳನ್ನು ರಂಜಿಸುವ ಹೆಂಗಸರು, ಅವರ ಕೈಕೆಳಗೆ ಕಲಿಯುವ ಹುಡುಗಿಯರು. ಬಂದವರಿಗೆಲ್ಲ ಕಾಫಿಗೆ ಮೊದಲು ಉಪನ್ಯಾಸ ಕೊಡುತ್ತಿದ್ದೆ. ಸಕ್ಕರೆ ಎಷ್ಟು ಎಂದು ಕೇಳುವುದೇ ಮರೆಯುತ್ತಿತ್ತು.

ವಸಂತಕ್ಕ ಉಪನ್ಯಾಸ ಕೇಳಲಿಲ್ಲ. ಒಂದೇ ಚಿತ್ರದ ಎದುರು ನಿಂತರು. ಮುಖಕ್ಕೆ ಬಿಳಿ ಬಳಿದು, ಕೆಳತುಟಿಗೆ ಮಾತ್ರ ಕೆಂಪು ಹಚ್ಚಿದ ಹುಡುಗಿ.

“ಇವಳ ಉಡುಪಿನ ಭುಜದಲ್ಲಿ ಹೊಲಿದ ಮಡಿಕೆ ಉಂಟು, ನೋಡು. ಬೆಳೆಯುವ ಮಗು ಇದು.”

ನೋಡಿದೆ. ಇತ್ತು. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಇದು ನನ್ನ ಗೋಡೆಯ ಮೇಲೆಯೇ ಇತ್ತು, ದಿನಾ ಧೂಳು ಒರೆಸುತ್ತಿದ್ದರೂ ಕಂಡಿರಲಿಲ್ಲ.

ಆಮೇಲೆ ಅವರು ಕಾಫಿ ಮುಟ್ಟದೆ ತಮ್ಮ ಕಥೆ ಹೇಳಿದರು. ಚಿಕ್ಕ ಹುಡುಗಿಯಾಗಿದ್ದಾಗ, ಹೋಟೆಲೊಂದರಲ್ಲಿ ಹಾಡುವ ಕೆಲಸವೆಂದು ನಂಬಿಸಿ ಯಾರೋ ದುಬೈಗೆ ಕರೆತಂದಿದ್ದರಂತೆ. ಪಾಸ್‌ಪೋರ್ಟಿನಲ್ಲಿ ವಯಸ್ಸು ಏರಿಸಿದ್ದರು. ಇಲ್ಲಿ ನೋಡಿದರೆ ಹಾಡಲ್ಲ, ಕುಡಿಯುವ ಗಂಡಸರ ಎದುರು ಕುಣಿತ. ಗಿಡ್ಡ ಲಂಗದಲ್ಲಿ ಹುಡುಗಿ ತೀರಾ ಚಿಕ್ಕವಳಾಗಿ ಕಾಣುತ್ತಾಳೆಂದು ಬಂದ ದಿನವೇ ಮಡಿಕೆ ಬಿಚ್ಚಿಸಿದರಂತೆ.

“ಅಮ್ಮ ಹೊಲಿದ ಮಡಿಕೆ, ಮಾರಾಯ್ತಿ. ಎಲ್ಲ ಬಿಚ್ಚಿದ್ರು. ಲಂಗ ಉದ್ದ ಆಯ್ತು, ನಾನು ಆಗ್ಲಿಲ್ಲ. ಕಾಲಿಗೆ ಸಿಕ್ಕಿ ಬೀಳ್ತಿದ್ದೆ. ಅವ್ರು ನಗ್ತಿದ್ರು.”

ಚಿತ್ರ ತೆಗೆದುಬಿಡುತ್ತೇನೆ ಎಂದೆ. ಬೇಡ, ತನಗೆ ಕೊಡು ಎಂದು ಕೇಳಿ ಒಯ್ದರು.

ಕಳೆದ ವರ್ಷ ವಸಂತಕ್ಕ ತೀರಿಕೊಂಡರು. ಊರಿನಿಂದ ಯಾರೂ ಬರಲಿಲ್ಲ. ಮನೆ ಖಾಲಿ ಮಾಡಿದವಳು ನಾನೇ. ಹಾಸಿಗೆಯ ಪಕ್ಕ ಆ ಹುಡುಗಿಯ ಚಿತ್ರವಿತ್ತು. ಪೆಟ್ಟಿಗೆಯ ತಳದಲ್ಲಿ, ನುಸಿಗುಳಿಗೆಗಳ ನಡುವೆ, ಒಂದು ಹಸಿರು ಲಂಗ. ಬಿಚ್ಚಿದ ಮಡಿಕೆಗಳನ್ನೆಲ್ಲ ಹಳೆಯ ಗೆರೆಯ ಮೇಲೆಯೇ ಮತ್ತೆ ಹೊಲಿದಿದ್ದರು. ದಾರ ಹೊಸದು. ಅದನ್ನು ಹಿಡಿದು ಅಲ್ಲೇ ನೆಲದ ಮೇಲೆ ಕುಳಿತು ಅತ್ತೆ.

“ಅಮ್ಮಾ, ಇಟ್ಸ್ ಟೂ ಶಾರ್ಟ್. ಎಲ್ಲಾ ಬಿಚ್ಚಿಬಿಡು,” ಎಂದಳು ಮಗಳು, ಈಗ ತಾನೆ.

ಅವಳಿಗೆ ಲಂಗ ಉಡಿಸಿ, ಎದುರು ನಿಲ್ಲಿಸಿ ನೋಡಿದೆ. ಒಂದು ಮಡಿಕೆಯಷ್ಟು ಬೆಳೆದಿದ್ದಾಳೆ. ಒಂದನ್ನೇ ಬಿಚ್ಚಿದೆ.