ಮೂಡಲಗಿಯ ಕಪ್ಪು ಪರದೆ ಮತ್ತು ಗೋಕಾಕದ ಸಿದ್ರಾಯ

ಗೋಕಾಕದ ಬಸ್ ಸ್ಟ್ಯಾಂಡಿನಿಂದ ಬಜಾರಕ್ಕೆ ಹೋಗುವ ದಾರಿಯಲ್ಲಿ, ಒಂದು ಚಹಾದಂಗಡಿಯ ಮೇಲಿನ ಸಣ್ಣ ಖೋಲಿಯಲ್ಲಿ ಸಿದ್ರಾಯನ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಏಣಿಯಂಥ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬರುವ ಗಿರಾಕಿಗೆ ಅವನು ಮೊದಲು ಕೂರಲು ಹೇಳುವುದಿಲ್ಲ. ‘ಏನ್ ಮಾಡಿದ್ರಿ ಅದಕ್ಕ?’ ಎಂದು ಕೇಳುತ್ತಾನೆ. ಯಂತ್ರ ತಾನಾಗಿ ಕೆಡುವುದಿಲ್ಲ, ಯಾರೋ ಏನೋ ಮಾಡಿದ್ದಕ್ಕೇ ಕೆಡುತ್ತದೆ ಎಂಬುದು ಅವನ ಗಟ್ಟಿ ನಂಬಿಕೆ. ಆ ಯಾರೋ ತಾನಂತೂ ಅಲ್ಲ ಎಂಬುದು ಅದಕ್ಕಿಂತ ಗಟ್ಟಿ ನಂಬಿಕೆ.

ಅವನದು ಧುಪದಾಳದ ಕುರುಬರ ಮನೆತನ. ತಂದೆ ಉದ್ದಪ್ಪ ಕುರಿ ಹಿಂಡಿನ ಬೆನ್ನು ಹತ್ತಿ ವರ್ಷದಲ್ಲಿ ಆರು ತಿಂಗಳು ಊರೂರು ತಿರುಗುತ್ತಿದ್ದ. ಹೆಗಲಿಗೊಂದು ಕಂಬಳಿ, ಕಂಬಳಿಯ ಗಂಟಿನಲ್ಲೊಂದು ರೇಡಿಯೋ. ಮಳೆಗೆ ನೆನೆದು ಮೂಕವಾದ ಆ ರೇಡಿಯೋವನ್ನು ಹೈಸ್ಕೂಲಿನ ಸಿದ್ರಾಯ ಬಿಚ್ಚಿ, ಬಿಸಿಲಿಗೆ ಒಣಗಿಸಿ, ಮತ್ತೆ ಮಾತಾಡಿಸಿದ. ಅಂದಿನಿಂದ ಅವನ ಕೈಗೆ ಸ್ಕ್ರೂ ಡ್ರೈವರ್ ಬಂತು, ಕುರಿ ಕಾಯುವ ಕೋಲು ತಮ್ಮನ ಪಾಲಾಯಿತು. ರೇಡಿಯೋ ಕಾಲ ಮುಗಿದು ಟೀವಿ ಬಂತು. ಟೀವಿಗಳೆಲ್ಲ ತೆಳ್ಳಗಾಗಿ ಗೋಡೆ ಹತ್ತಿದ ಮೇಲೆ ಅವನು ಕಂಪ್ಯೂಟರಿಗೆ ಕೈ ಹಾಕಿದ. ಯಾರ ಹತ್ತಿರವೂ ಕಲಿಯಲಿಲ್ಲ. ಬಿಚ್ಚಿದ, ಕೆಡಿಸಿದ, ಕೂಡಿಸಿದ, ಹಾಗೇ ಕಲಿತ. ಕೆಡಿಸಿದ ಸಂಗತಿಯನ್ನು ಮಾತ್ರ ಅವನು ಹೇಳುವುದಿಲ್ಲ, ಅವನ ಹೆಂಡತಿ ಕಸ್ತೂರಿ ಹೇಳುತ್ತಾಳೆ.

ಈಗ ಅವನಿಗೆ ಐವತ್ತಾರು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನ ಫೋಟೋ ಸ್ಟುಡಿಯೋದವರು, ಬ್ಯಾನರ್ ಛಾಪಿಸುವವರು, ಝೆರಾಕ್ಸ್ ಅಂಗಡಿಯವರು ಅವನನ್ನೇ ಹುಡುಕಿಕೊಂಡು ಬರುತ್ತಾರೆ. ‘ನನ್ನ ಕೈಯಿಂದ ಹೋದ ಮಾಲು ವಾಪಸ್ ಬರೂದಿಲ್ಲ’ ಎಂದು ಅವನು ಹೇಳಿದರೆ ಯಾರೂ ನಗುವುದಿಲ್ಲ, ಯಾಕೆಂದರೆ ಅದು ಬಹಳ ಮಟ್ಟಿಗೆ ಖರೆಯೇ. ಮತ್ತೊಂದು ಪದ್ಧತಿಯೂ ಉಂಟು. ಅಂಗಡಿಯಿಂದ ಹೊರಡುವ ಪ್ರತಿ ಯಂತ್ರದ ಮೇಲೂ ಅವನು ಮನೆದೇವರಾದ ಬೀರದೇವರ ಭಂಡಾರವನ್ನು, ಅಂದರೆ ದೇವರ ಗುಡಿಯಿಂದ ತಂದ ಅರಿಷಿಣಪುಡಿಯನ್ನು, ಒಂದು ಚಿಟಿಕೆ ಹಾರಿಸುತ್ತಾನೆ. ಯಾವ ಜಾತಿಯ ಗಿರಾಕಿಯೂ ಬೇಡ ಅಂದದ್ದಿಲ್ಲ. ಮರೆತರೆ ‘ಕಾಕಾ, ಭಂಡಾರ?’ ಎಂದು ಅವರೇ ನೆನಪು ಮಾಡುತ್ತಾರೆ.

ಮೂಡಲಗಿಯ ರಾಜೇಶ್ವರಿ ಇಂಥ ಗಿರಾಕಿ. ಅವಳ ಗಂಡ ಗುರುರಾಜನದು ಫೋಟೋ ಸ್ಟುಡಿಯೋ. ಮದುವೆಗಳಲ್ಲಿ ಕ್ಯಾಮೆರಾ ಹಿಡಿದು ಜನರನ್ನು ಹಿಂದೆ ಸರಿಸುತ್ತ ಬಯ್ಯುವವನು ಅವನು. ಆಮೇಲೆ ಆ ಐದಾರು ತಾಸಿನ ವಿಡಿಯೋವನ್ನು ಕತ್ತರಿಸಿ, ಹಾಡು ಕೂಡಿಸಿ, ನೋಡುವ ಹಾಗೆ ಮಾಡುವವಳು ಅವಳು. ಫೋನಿನಲ್ಲಿ ನೋಡಿ ನೋಡಿ ತಾನೇ ಕಲಿತಿದ್ದಳು. ಹಳೆಯ ಯಂತ್ರ ಮಾತ್ರ ಅವಳ ವೇಗಕ್ಕೆ ಬರುತ್ತಿರಲಿಲ್ಲ. ಹುಕ್ಕೇರಿಯ ಒಂದು ಮನೆಯ ಮದುವೆ ವಿಡಿಯೋ ಇನ್ನೂ ಕೊಡುವುದಿತ್ತು, ಅಷ್ಟರಲ್ಲಿ ಆ ಮದುಮಗಳ ಕುಬಸವೇ ಬಂದುಬಿಟ್ಟಿತ್ತು. ಶುಕ್ರವಾರ ಬಸುರಿಗೆ ಕುಬಸ ಮಾಡಿ, ಎಲ್ಲರೆದುರು ದೊಡ್ಡ ಪರದೆಯ ಮೇಲೆ ಮದುವೆ ತೋರಿಸುವುದೆಂದು ಬೀಗರು ಕೂತಿದ್ದರು. ಅದಕ್ಕೇ ರಾಜೇಶ್ವರಿ ಹಟ ಹಿಡಿದು ಹೊಸ ಗ್ರಾಫಿಕ್ಸ್ ಕಾರ್ಡ್ ತರಿಸಿದಳು. ಪರದೆಯ ಮೇಲಿನ ಚಿತ್ರದ ಕೆಲಸವನ್ನೆಲ್ಲ ತಾನೇ ಹೊತ್ತುಕೊಳ್ಳುವ, ಇಟ್ಟಂಗಿಯಷ್ಟು ತೂಕದ ಕಾರ್ಡದು. ಗುರುರಾಜನಿಗೆ ಮನಸ್ಸಿರಲಿಲ್ಲ. ‘ನಡದಷ್ಟ್ ನಡೀಲಿ ಬಿಡು, ನಿನಗ್ಯಾಕ ಅದೆಲ್ಲಾ’ ಎಂದಿದ್ದ.

ಸಿದ್ರಾಯ ಅವಳ ಯಂತ್ರವನ್ನು ಗೋಕಾಕಕ್ಕೆ ತರಿಸಿಕೊಂಡು, ಕಾರ್ಡು ಕೂರಿಸಿ, ಅರ್ಧ ದಿನ ಓಡಿಸಿ ನೋಡಿದ. ಚಿತ್ರ ಎಲ್ಲೂ ತಡೆಯದೆ ಬಂತು. ಆದರೆ ಆ ಭಾರದ ಕಾರ್ಡನ್ನು ಹಾಗೇ ಕಳಿಸಿದರೆ ದಾರಿಯ ಕುಲುಕಾಟಕ್ಕೆ ಬುಡವೇ ಮುರಿದೀತೆಂದು ಹೊರತೆಗೆದು, ಬೇರೆ ಡಬ್ಬಿಯಲ್ಲಿ ಕಟ್ಟಿದ. ಮೂಡಲಗಿಗೆ ಹೋಗುವ ಗಾಡಿಯವನು ಕೆಳಗೆ ಹಾರ್ನ್ ಹೊಡೆಯುತ್ತಿದ್ದ. ಅವಸರದಲ್ಲಿ ಭಂಡಾರ ಹಾರಿಸಿ, ಯಂತ್ರದ ಬಾಗಿಲು ಮುಚ್ಚಿ, ಕಳಿಸಿಯೇ ಬಿಟ್ಟ. ‘ಅಲ್ಲಿ ನೀವ ಹಾಕ್ರಿ ಅಕ್ಕಾರ, ಫೋನಿನ್ಯಾಗ ಹೇಳತೀನಿ’ ಎಂದ.

ಮಂಗಳವಾರ ಸಂಜೆ ಫೋನು ಬಂತು.

‘ಕಾಕಾ, ಪಂಖಾ ತಿರಗಾಕತ್ತಾವ್ರಿ, ಲೈಟೂ ಹತ್ತೈತಿ. ಮಾನಿಟರಿನ್ಯಾಗ ಮಾತ್ರ ಏನೂ ಬರವಲ್ದು. ಕರ್ರಗ ಕುಂತೈತಿ.’

‘ಮಾನಿಟರಿನ ವೈರ್ ಹಳೇ ಜಾಗಾಕ್ಕ ಹಚ್ಚೀರೇನು?’

‘ಇಲ್ರಿ, ಹೊಸಾ ಕಾರ್ಡಿಗೇ ಹಚ್ಚೇನಿ.’

‘ಕಾರ್ಡಿಗೆ ಕರೆಂಟಿನ ವೈರ್?’

‘ಅದೂ ಹಚ್ಚೇನ್ರಿ. ನೀವ್ ಹೇಳಿದ್ದು ಒಂದೂ ಬಿಟ್ಟಿಲ್ಲ.’

‘ಹಂಗಾರ ಕಾರ್ಡ್ ತಗದು ಮತ್ತ ಒತ್ರಿ. ಟಕ್ ಅನಬೇಕು.’

ಮೂರು ಸಲ ತೆಗೆದು ಒತ್ತಿದಳು. ಮೂರು ಸಲವೂ ಟಕ್ ಎಂದಿತು, ಮೂರು ಸಲವೂ ಪರದೆ ಕಪ್ಪಗೇ ಉಳಿಯಿತು. ಸಿದ್ರಾಯನ ತಾಳ್ಮೆ ಅಲ್ಲಿಗೆ ಮುಗಿಯಿತು. ‘ಅಕ್ಕಾರ, ನನ್ನ ಅಂಗಡ್ಯಾಗ ನಡದ ಕಾರ್ಡ್ ನಿಮ್ಮಲ್ಲಿ ನಡೀವಲ್ದು ಅಂದ್ರ ಏನರ್ಥ? ನಿಮಗ ಒತ್ತಾಕ ಬಂದಿಲ್ಲ. ಗೊತ್ತಿಲ್ದ ಕೈ ಹಾಕಿದ್ರ ಹಿಂಗ ಆಗೂದು’ ಎಂದ. ಎರಡೂ ಕೈ ಯಂತ್ರದೊಳಗಿದ್ದ ರಾಜೇಶ್ವರಿ ಫೋನನ್ನು ಸ್ಪೀಕರಿಗೆ ಹಾಕಿದ್ದಳು. ಗುರುರಾಜ ಅಲ್ಲೇ ನಿಂತಿದ್ದ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದ ಇಬ್ಬರು ಗಿರಾಕಿಗಳೂ ನಿಂತಿದ್ದರು. ಎಲ್ಲರೂ ಕೇಳಿಸಿಕೊಂಡರು.

ಮರುದಿನ ಮುಂಜಾನೆ ಸಿದ್ರಾಯ ಚೀಲ ತುಂಬಿಕೊಂಡು ಮೂಡಲಗಿಯ ಬಸ್ ಹತ್ತಿದ. ಬೇರೊಂದು ವೈರು, ಕರೆಂಟು ಕೊಡುವ ಬೇರೊಂದು ಡಬ್ಬಿ, ಬ್ರಷ್ಷು, ಪೆನ್ಸಿಲ್ ಅಳಿಸುವ ರಬ್ಬರು ಎಲ್ಲ ಇದ್ದವು. ಮೇಲೆ ಧೈರ್ಯವಿದ್ದರೂ ಒಳಗೆ ಹೆದರಿಕೆ ಇತ್ತು. ಕಾರ್ಡೇ ಸತ್ತಿದ್ದರೆ ಕಂಪನಿಗೆ ಕಳಿಸಿ ತರಿಸಲು ಇಪ್ಪತ್ತು ದಿನ. ಕುಬಸ ಹೋಗುತ್ತದೆ. ಸಿದ್ರಾಯ ಕೆಟ್ಟ ಮಾಲು ಕೊಟ್ಟ ಎಂದು ಗುರುರಾಜ ಪೇಟೆಯಲ್ಲೆಲ್ಲ ಹೇಳುತ್ತಾನೆ. ಮೂರು ತಾಲೂಕಿನಲ್ಲಿ ಗಳಿಸಿದ ಹೆಸರು ಮೂರು ದಿನದಲ್ಲಿ ನೀರಾಗುತ್ತದೆ. ದಾರಿಯುದ್ದಕ್ಕೂ ಅವನು ದೇವರಲ್ಲಿ ಬೇಡಿಕೊಂಡದ್ದು ಒಂದೇ: ತಪ್ಪು ಅವರದೇ ಆಗಿರಲಿ.

ಗುರುರಾಜ ಬಾಗಿಲಲ್ಲೇ ಎದುರಾದ. ‘ಬರ್ರಿ ಕಾಕಾ. ಇಕಿ ಏನ್ ಮಾಡಿಟ್ಟಾಳ ನೋಡ್ರಿ. ಬ್ಯಾಡ ಬ್ಯಾಡ ಅಂದೆ, ಕೇಳಲಿಲ್ಲ.’ ಸಿದ್ರಾಯನಿಗೆ ಒಳಗೊಳಗೇ ಸಮಾಧಾನವಾಯಿತು. ರಾಜೇಶ್ವರಿ ನೀರು ತಂದಿಟ್ಟು ಗೋಡೆಗೆ ಆತು ನಿಂತಳು. ರಾತ್ರಿ ನಿದ್ದೆ ಮಾಡಿದವಳಂತೆ ಕಾಣಲಿಲ್ಲ.

‘ಕಾಕಾ,’ ಮೆಲ್ಲಗೆ ಕೇಳಿದಳು, ‘ನಾ ಏನರ ಅದನ್ನ ಸುಟ್ಟೀನೇನ್ರಿ?’

‘ನೋಡೂಣು’ ಎಂದ ಸಿದ್ರಾಯ. ಇಲ್ಲ ಎನ್ನಬಹುದಾಗಿತ್ತು. ಅನ್ನಲಿಲ್ಲ.

ಯಂತ್ರದ ಬಾಗಿಲು ತೆಗೆದ. ಕಾರ್ಡು ನೆಟ್ಟಗೆ ಕೂತಿತ್ತು, ತುದಿಯ ಕೊಂಡಿ ಬಿಗಿಯಾಗಿ ಹಾಕಿಕೊಂಡಿತ್ತು. ವೈರುಗಳನ್ನು ಅವಳು ಜಡೆ ಹೆಣೆದಷ್ಟು ಒಪ್ಪವಾಗಿ ಕಟ್ಟಿದ್ದಳು. ಇಷ್ಟು ಚಂದ ತಾನೂ ಕಟ್ಟುವುದಿಲ್ಲ ಎಂದು ಅವನಿಗೆ ಅನ್ನಿಸಿತು, ಅದನ್ನೂ ನುಂಗಿಕೊಂಡ. ಮಾನಿಟರಿನ ವೈರನ್ನು ಹಳೆಯ ಜಾಗಕ್ಕೆ ಹಚ್ಚಿದ. ಚಿತ್ರ ಬಂತು. ಅಲ್ಲಿಗೆ ಯಂತ್ರಕ್ಕೇನೂ ಆಗಿಲ್ಲ, ಕಾರ್ಡಿನದೇ ತಕರಾರು ಎಂದಾಯಿತು. ತಾನು ತಂದ ವೈರು ಹಚ್ಚಿದ, ಕಪ್ಪು. ಕರೆಂಟಿನ ಡಬ್ಬಿ ಬದಲಿಸಿದ, ಪಂಖ ಜೋರಾಗಿ ತಿರುಗಿತು, ಪರದೆ ಕಪ್ಪು. ಗುರುರಾಜ ಗಲ್ಲದ ಮೇಲೆ ಕೈಯಿಟ್ಟು, ಇದೇನು ಮುಗಿಯುವ ಕೆಲಸವಲ್ಲ ಎಂಬಂತೆ ಕೂತ. ಸಿದ್ರಾಯನ ಅಂಗಿಯ ಬೆನ್ನು ಒದ್ದೆಯಾಯಿತು.

ಕೊನೆಗೆ ಕಾರ್ಡನ್ನು ಹೊರಕ್ಕೆಳೆದು, ಅದರ ಅಂಚಿಗೆ ಹಲ್ಲಿನಂತೆ ಸಾಲಾಗಿರುವ ಬಂಗಾರ ಬಣ್ಣದ ಪಟ್ಟಿಗಳ ಮೇಲೆ ರಬ್ಬರು ತಿಕ್ಕಿದ. ರೂಢಿಯ ಕೆಲಸ, ಧೂಳು ಹೋಗಲಿ ಎಂದು. ತಿಕ್ಕಿದ ರಬ್ಬರು ಕಪ್ಪಾಗಬೇಕಾಗಿತ್ತು. ಹಳದಿಯಾಯಿತು. ಬಂಗಾರದ ಬಣ್ಣದ ಮೇಲೆ ಹಳದಿ ಯಾರ ಕಣ್ಣಿಗೆ ಬೀಳಬೇಕು? ಅವನು ಮೂಗಿಗೆ ಹಿಡಿದು ನೋಡಿದ. ಆಮೇಲೆ ಫೋನಿನ ಟಾರ್ಚ್ ಹಚ್ಚಿ ಕಾರ್ಡು ಕೂರುವ ಉದ್ದನೆಯ ಸಂದಿಯೊಳಗೆ ಬೆಳಕು ಬಿಟ್ಟ. ಬುಡದ ತುಂಬ ಹಳದಿ ಪುಡಿ ಮೆತ್ತಿಕೊಂಡಿತ್ತು.

ಅವನದೇ ಭಂಡಾರ. ಇಷ್ಟು ವರ್ಷ ಅವನು ಭಂಡಾರ ಹಾರಿಸಿದ್ದು ಮುಚ್ಚಿದ ಯಂತ್ರದ ನೆತ್ತಿಗೆ. ಈ ಸಲ ಹಾರ್ನಿನ ಅವಸರದಲ್ಲಿ, ಬಾಗಿಲು ತೆರೆದಿರುವಾಗಲೇ, ಖಾಲಿ ಸಂದಿ ಬಾಯಿ ಬಿಟ್ಟುಕೊಂಡಿರುವಾಗಲೇ ಹಾರಿಸಿದ್ದ. ರಾಜೇಶ್ವರಿ ಮೂರು ಸಲ ಸರಿಯಾಗಿ ಒತ್ತಿದ್ದಳು. ಸರಿಯಾಗಿ ಒತ್ತಿದಷ್ಟೂ ಪುಡಿ ಇನ್ನೂ ಗಟ್ಟಿಯಾಗಿ ಕೂತಿತ್ತು.

ಸಿದ್ರಾಯ ಯಾರ ಮುಖವನ್ನೂ ನೋಡದೆ ಬ್ರಷ್ಷು ತೆಗೆದುಕೊಂಡು, ಬೆನ್ನು ಅಡ್ಡ ಮಾಡಿ, ಕಾಲು ತಾಸು ಸಂದಿಯನ್ನು ಸ್ವಚ್ಛ ಮಾಡಿದ. ಕಾರ್ಡು ಕೂರಿಸಿ ಸ್ವಿಚ್ ಹಾಕಿದ. ಪರದೆ ಝಗ್ಗೆಂದು ಬೆಳಗಿತು. ತುಸು ಹೊತ್ತಿಗೆ, ರಾಜೇಶ್ವರಿ ಪರದೆಗೆ ಇಟ್ಟಿದ್ದ ಫೋಟೋದಲ್ಲಿ, ಹುಕ್ಕೇರಿಯ ಮದುಮಗಳು ಬಾಸಿಂಗ ಕಟ್ಟಿಕೊಂಡು ನಗುತ್ತ ನಿಂತಿದ್ದಳು.

‘ಶಾಬ್ಬಾಸ್!’ ಗುರುರಾಜ ಎದ್ದೇ ನಿಂತ. ‘ನೋಡಿದೇನು? ಕೈ ಅಂದ್ರ ಇದು! ನಿನಗ ಒತ್ತಾಕ ಬರೂದಿಲ್ಲಂತ ಕಾಕಾ ಫೋನಿನ್ಯಾಗ ಹೇಳಿದ್ದು ಗಿರಾಕಿಗೋಳೂ ಕೇಳ್ಯಾರ. ಹೌದಲ್ರಿ ಕಾಕಾ, ಇಕಿ ಒತ್ತಿದ್ದು ಸರಿ ಆಗಿದ್ದಿಲ್ಲಲ್ಲ?’

ಹೂಂ ಎಂದರೆ ಮುಗಿಯುತ್ತಿತ್ತು. ಪುಡಿ ಹೋಗಿತ್ತು, ಸಾಕ್ಷಿ ಯಾರೂ ಇರಲಿಲ್ಲ. ಸಿದ್ರಾಯನ ಗಂಟಲಿಗೆ ಹೂಂ ಬಂದೂ ಬಿಟ್ಟಿತ್ತು. ಅಷ್ಟರಲ್ಲಿ ರಾಜೇಶ್ವರಿ ತಲೆ ತಗ್ಗಿಸಿ, ‘ಹೌದ್ರಿ, ನನಗ ತಿಳೀಲಿಲ್ಲ. ಇನ್ಮ್ಯಾಲೆ ನಾ ಅದಕ್ಕ ಕೈ ಹಚ್ಚೂದಿಲ್ಲ’ ಎಂದಳು.

ಆ ಮಾತು ಅವನಿಗೆ ತಡೆಯಲಾಗಲಿಲ್ಲ. ಯಾರೂ ಕಲಿಸದೆ ಕಲಿತ ಕೈ ಎಂದರೇನೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಥ ಕೈ ತನ್ನದೊಂದು ಹೂಂಗೆ ಹಿಂದೆ ಸರಿಯುವುದರಲ್ಲಿತ್ತು. ನಾಚಿಕೆಯಾಯಿತು, ಖರೆ ಖರೆ ನಾಚಿಕೆ, ಕಿವಿಯ ತನಕ ಬಿಸಿಯೇರುವಂಥದು.

‘ತಪ್ಪು ನಂದು, ಅಕ್ಕಾರ’ ಎಂದ.

ಹೇಳಿ ರೂಢಿಯಿಲ್ಲದ ಮಾತು. ದನಿ ಬೇರೆ ಯಾರದೋ ಎಂಬಂತೆ ಬಂತು. ಆಮೇಲೆ ನಿಲ್ಲಿಸಲಾಗಲಿಲ್ಲ. ರಬ್ಬರನ್ನು ಅವರೆದುರು ಹಿಡಿದು ತೋರಿಸಿದ. ‘ಇದು ನಾ ಹಾರಿಸಿದ ಭಂಡಾರ. ಕಾರ್ಡ್ ಕುಂಡ್ರೂ ಜಾಗಾದಾಗ ನಾನ ತುಂಬಿ ಕಳಿಸೇನಿ. ನೀವ್ ಒತ್ತಿದ್ದು ಬರೋಬ್ಬರಿ ಐತಿ. ವೈರ್ ಕಟ್ಟಿದ್ದಂತೂ ನನಗಿಂತ ಛಲೋ ಐತಿ. ಗೊತ್ತಿಲ್ದ ನಾಕ ಮಂದಿ ಮುಂದ ನಿಮಗ ಅಂದೆ. ಅನಬಾರದಿತ್ತು.’

ಗುರುರಾಜ ರಬ್ಬರನ್ನು ನೋಡಿದ, ಹೆಂಡತಿಯನ್ನು ನೋಡಿದ, ಕೆಮ್ಮಿದ. ‘ಹಂಗಾರ ನಿನ್ನಿಯಿಂದ ನಾ ಅಂದದ್ದು...’

‘ಅದು ನಿಮ್ಮ ತಪ್ಪು’ ಎಂದ ಸಿದ್ರಾಯ. ‘ಅದನ್ನೂ ನಾ ಹೊತ್ತಗೊಂಡ್ರ ನನಗ ಭಾಳ ಆಕ್ಕೈತಿ. ಇದು ನಂದು ಮೊದಲನೇ ಸಲ.’

ರಾಜೇಶ್ವರಿಗೆ ನಗು ಬಂತು. ಸೆರಗಿನಿಂದ ಕಣ್ಣೂ ಒರೆಸಿಕೊಂಡಳು. ಪರದೆಯ ಮೇಲೆ ಮದುಮಗಳು ನಗುತ್ತಲೇ ಇದ್ದಳು, ಆದರೆ ರಾಜೇಶ್ವರಿ ಅತ್ತ ನೋಡಲಿಲ್ಲ. ಯಂತ್ರದ ಹತ್ತಿರ ಬಂದು, ಬಗ್ಗಿ, ಕರೆಂಟು ಬಂದ್ ಮಾಡಿದಳು.

‘ಕಾಕಾ, ಆ ಕಾರ್ಡ್ ಹೊರಗ ತಗೀರಿ.’

‘ಯಾಕ? ನಡದೈತಲ್ಲ’ ಎಂದ ಗುರುರಾಜ.

‘ತಗೀರಿ ಕಾಕಾ. ನಾ ಹಾಕತೀನಿ.’

ಸಿದ್ರಾಯ ತೆಗೆದು ಅವಳ ಕೈಗಿತ್ತ. ಅವಳು ಅಂಚನ್ನು ಮುಟ್ಟದೆ ಎರಡೂ ಬದಿಗೆ ಹಿಡಿದು, ಸಂದಿಗೆ ಸರಿ ಮಾಡಿ, ಒತ್ತಿದಳು. ಟಕ್ ಎಂದಿತು. ಕರೆಂಟಿನ ವೈರು, ಮಾನಿಟರಿನ ವೈರು ಒಂದೊಂದಾಗಿ ಹಚ್ಚಿದಳು. ಸಿದ್ರಾಯ ರೂಢಿಯಂತೆ ಸ್ವಿಚ್ಚಿಗೆ ಕೈ ಚಾಚಿದ.

‘ಅದನ್ನೂ ನಾನ ಹಾಕತೀನ್ರಿ’ ಎಂದಳು. ಇಬ್ಬರು ಗಂಡಸರೂ ಒಂದು ಹೆಜ್ಜೆ ಹಿಂದೆ ಸರಿದು, ಕೈ ಕಟ್ಟಿಕೊಂಡು ನಿಂತರು.