ಸೋಮವಾರದ ಬ್ರೇಕು

ಮೊನ್ನೆ ತಿ. ನರಸೀಪುರದ ಬಸ್‌ಸ್ಟ್ಯಾಂಡಿನ ಪಕ್ಕ ಯಾರೋ ಕಾರಿನ ಚಕ್ರ ಬಿಚ್ಚಿ ಬ್ರೇಕ್ ಆಯಿಲ್ ಚೆಲ್ಲಿಕೊಂಡು ಕೂತಿದ್ದರು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಂಜನಗೂಡಿನ ಗ್ಯಾರೇಜಿನ ಮೇಸ್ತ್ರಿ ನೆನಪಾದರು... ಜೊತೆಗೆ ಆ ಕಾಲದ ಸಿಟ್ಟೂ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ನಂಜನಗೂಡಿನಲ್ಲಿ ಮನೆ ಮಾಡಿಕೊಂಡು ನರಸೀಪುರದ ಕಾಲೇಜಿಗೆ ಪಾಠ ಹೇಳಲು ಹೋಗುತ್ತಿದ್ದೆ. ಬಸ್ಸಿನ ನೂಕುನುಗ್ಗಲಿಗೆ ರೋಸಿಹೋಗಿ, ಯಾರೋ ಓಡಿಸಿ ಸಾಕಾಗಿದ್ದ ಕಾರೊಂದನ್ನು ಕೊಂಡೆ. ದೀಪಾವಳಿಯ ತನಕ ಅದು ಸಾಧುವಾಗಿಯೇ ಇತ್ತು. ಧನುರ್ಮಾಸದ ಚಳಿ ಹಿಡಿಯಿತು ನೋಡಿ, ತನ್ನ ಬುದ್ಧಿ ತೋರಿಸಿತು. ಬೆಳಿಗ್ಗೆ ಗೇರು ಹಾಕಿದರೆ ಮುಂದಕ್ಕೆ ಹೋಗದು. ಹಿಂದಿನ ಚಕ್ರಗಳು ನೆಲ ಕಚ್ಚಿ ನಿಂತಿರುತ್ತಿದ್ದವು. ಎಂಜಿನ್ನು ನರಳಿ ನರಳಿ, ಕೊನೆಗೆ ಚಕ್ರ ಟಪ್ಪೆಂದು ಬಿಟ್ಟುಕೊಳ್ಳುತ್ತಿತ್ತು. ಆಮೇಲೆ ಮೊದಲ ಸಲ ಬ್ರೇಕು ತುಳಿದಾಗ ಗಾಡಿ ಒಂದೇ ಕಡೆಗೆ ಎಳೆಯುತ್ತಿತ್ತು.

ಇದೆಲ್ಲ ಸೋಮವಾರ ಮಾತ್ರ! ಮೇಸ್ತ್ರಿಯ ಗ್ಯಾರೇಜಿಗೆ ರಜೆಯೂ ಸೋಮವಾರವೇ. ಅಂದು ಹೊಳೆಯಲ್ಲಿ ಮಿಂದು ದೇವಸ್ಥಾನಕ್ಕೆ ಹೋಗಿ ಬಂದು ಒಪ್ಪತ್ತು ಇರುತ್ತಿದ್ದರು. ದೇವರೇ ಬಂದು ಬೇಡಿದರೂ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಮಂಗಳವಾರ ತೆಗೆದುಕೊಂಡು ಹೋದರೆ ಕಾರು ಏನೂ ಅರಿಯದ ಮಗುವಿನಂತೆ ಓಡುತ್ತಿತ್ತು. ಮೇಸ್ತ್ರಿ ಒಂದು ಸುತ್ತು ಓಡಿಸಿ, ಚಕ್ರ ಬಿಚ್ಚಿ ಉಜ್ಜಿ, ಮತ್ತೆ ಹಾಕಿ, "ಏನೂ ಇಲ್ವಲ್ಲ ಸಾ" ಎನ್ನುತ್ತಿದ್ದರು. ಮೂರು ಮಂಗಳವಾರ ಇದೇ ಮಾತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾಲ್ಕನೆಯ ಸೋಮವಾರ ಮಂಜು ಮುಸುಕಿದ ನರಸೀಪುರದ ರಸ್ತೆಯಲ್ಲಿ ಕಬ್ಬಿನ ಗಾಡಿಯೊಂದು ಎದುರಾಯಿತು. ಅಂದು ಮೊದಲ ಸಲ ಬ್ರೇಕು ತುಳಿದೆ. ಕಾರು ನೇರ ಎತ್ತುಗಳ ಕಡೆಗೇ ತಿರುಗಿತು. ಪಕ್ಕದಲ್ಲಿ ನನ್ನ ಹೆಂಡತಿ ಇದ್ದಳು. ಹೇಗೆ ಉಳಿದೆವೋ...

ಮಾರನೆಯ ದಿನ ಗ್ಯಾರೇಜಿನ ಮುಂದಿನ ಟೀ ಅಂಗಡಿಯಲ್ಲಿ ಜನ ತುಂಬಿದ್ದರು. ಅವರೆಲ್ಲರೆದುರು ಕೂಗಾಡಿದೆ. "ಬ್ರೇಕ್ ಕೆಲಸ ಬರಲ್ಲ ಅಂದ್ರೆ ಬರಲ್ಲ ಅನ್ರೀ, ಜನರನ್ನ ಸಾಯಿಸಬೇಡಿ!" ಮೇಷ್ಟ್ರ ಮಾತಿಗೆ ಊರಿನಲ್ಲಿ ತೂಕ ಇತ್ತು. ಮೇಸ್ತ್ರಿ ಕೈಯೊರೆಸಿಕೊಳ್ಳುತ್ತ, "ಸೋಮ್ವಾರ ನಾನೇ ಬತ್ತೀನಿ ಸಾ" ಎಂದರಷ್ಟೆ.

ಬಂದರು. ಮಫ್ಲರ್ ಸುತ್ತಿಕೊಂಡು, ಬೆಳಗಿನ ಚಳಿಯಲ್ಲಿ ಸೈಕಲ್ ತುಳಿದುಕೊಂಡು, ವ್ರತದ ದಿನ ಸ್ಪ್ಯಾನರ್ ಹಿಡಿದು ಬಂದರು. ಕಾರಿನ ಕೆಳಗೆ ಬಗ್ಗಿ ನೋಡಿದರು. ಮುಟ್ಟಲೂ ಇಲ್ಲ.

"ಗಾಡಿ ಯಾವಾಗ ತೊಳುದ್ರಿ ಸಾ?"

"ನಿನ್ನೆ ಸಾಯಂಕಾಲ. ಸೋಮವಾರ ಕಾರಿಗೆ ಪೂಜೆ ಮಾಡ್ತೀವಲ್ಲ, ಪ್ರತಿ ಭಾನುವಾರ ತೊಳೀತೀನಿ."

"ತೊಳ್ದು ಅಂಗೇ ಹ್ಯಾಂಡ್‌ಬ್ರೇಕ್ ಎಳುದ್ಬುಟ್ರಾ?"

ಹೌದೆಂದೆ. ಮೇಸ್ತ್ರಿ ಹಣೆ ಚಚ್ಚಿಕೊಂಡರು. "ನೀರು ಬ್ರೇಕ್ ಒಳಗೇ ಕೂತ್ಕತದೆ ಸಾ. ಈ ಚಳೀಲಿ ಆರಾಕಿಲ್ಲ. ಬೆಳಗಾಗೋದ್ರೊಳ್ಗೆ ತುಕ್ಕಿಡ್ದು ಅಂಟ್ಕತದೆ. ಒಂದು ಚಕ್ರ ಇಡ್ದು ಒಂದು ಇಡೀದಿದ್ರೆ ಗಾಡಿ ಒಂದ್ ಕಡೀಕೆ ಎಳೀತದೆ. ತೊಳ್ದ ಮ್ಯಾಲೆ ಎರಡು ಸುತ್ತು ಓಡ್ಸಿ, ಬ್ರೇಕ್ ತುಳ್ದು ತುಳ್ದು ಒಣಗ್ಸಿ. ಹ್ಯಾಂಡ್‌ಬ್ರೇಕ್ ಎಳೀದೆ ಗೇರಲ್ಲಿ ಬುಟ್ಟು, ಚಕ್ರುಕ್ಕೆ ಒಂದು ಕಲ್ ಕೊಡಿ. ಅಷ್ಟೇಯ."

ಅಷ್ಟೇ! ತಿಂಗಳಿಡೀ ನಾನು ಪಟ್ಟ ಪಾಡಿಗೆ ಕಾರಣ ನನ್ನದೇ ಎರಡು ಬಕೆಟ್ ನೀರು. ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಸೈಕಲ್ ಹತ್ತುವ ಮುಂಚೆ ಮೇಸ್ತ್ರಿ ಹಿಂಜರಿಯುತ್ತ ಹೇಳಿದರು. "ಆ ಟೀ ಅಂಗ್ಡೀಲಿ ಒಂದು ಮಾತು ಏಳ್ಬುಡಿ ಸಾ. ಈ ವಾರ ಬ್ರೇಕ್ ಕೆಲ್ಸುಕ್ಕೆ ಅಂತ ಒಬ್ರೂ ಬರ್ನಿಲ್ಲ."

"ಹೇಳ್ತೀನಿ ಮೇಸ್ತ್ರಿ," ಎಂದೆ.

ಹೇಳಲಿಲ್ಲ. ಇವತ್ತು ಬೇಡ, ನಾಳೆ ಎಂದುಕೊಂಡೆ. ಕಾಲೇಜು ಮೇಷ್ಟ್ರು ಕಾರು ತೊಳೆದು ಕೆಡಿಸಿಕೊಂಡರಂತೆ ಎಂದು ಜನ ಆಡಿಕೊಳ್ಳುತ್ತಾರೆಂಬ ಭಯ. ಬಾಡಿಗೆ ಕಾರಿನವರು ಒಬ್ಬೊಬ್ಬರೇ ಬೇರೆ ಗ್ಯಾರೇಜು ಹಿಡಿದರು. ಮೇಸ್ತ್ರಿ ಪಂಕ್ಚರ್ ಹಾಕುತ್ತ ಕೂತಿರುವುದನ್ನು ನೋಡಿಯೂ ನೋಡದವನಂತೆ ಹಾದುಹೋಗುತ್ತಿದ್ದೆ. ಅವರು ಮತ್ತೆ ಆ ಮಾತೆತ್ತಲಿಲ್ಲ, ಎತ್ತಿದ್ದರೆ ಚೆನ್ನಾಗಿತ್ತು. ಎರಡು ವರ್ಷದ ಮೇಲೆ ನಾನು ನರಸೀಪುರಕ್ಕೇ ಮನೆ ಬದಲಿಸಿದೆ. ಮೇಸ್ತ್ರಿ ತೀರಿಕೊಂಡ ಸುದ್ದಿ ನನಗೆ ಗೊತ್ತಾಗುವ ಹೊತ್ತಿಗೆ ವರ್ಷವೇ ಕಳೆದಿತ್ತು...

ಮೊನ್ನೆಯ ವಾಸನೆ ಕೆದಕಿದ ನೆನಪು ತಡೆಯಲಾಗದೆ ನಿನ್ನೆ ನಂಜನಗೂಡಿಗೆ ಹೋದೆ. ಗ್ಯಾರೇಜಿದ್ದ ಕಡೆ ಈಗ ಮೊಬೈಲ್ ಅಂಗಡಿ. ಟೀ ಅಂಗಡಿ ಇದೆ. ಹಳೆಯ ಮಾಲೀಕರ ಮಗ ನಡೆಸುತ್ತಾನೆ, ಅವನ ತಲೆಯೂ ನರೆತಿದೆ. ಅವನೆದುರು ನಿಂತು, ತಪ್ಪು ನನ್ನದು, ಎದುರಿನ ಗ್ಯಾರೇಜಿನ ಮೇಸ್ತ್ರಿಯಷ್ಟು ಬ್ರೇಕ್ ಕೆಲಸ ಬಲ್ಲವರು ಈ ಊರಿನಲ್ಲಿ ಇರಲಿಲ್ಲ ಎಂದೆ. ಅವನು ಟೀ ಸೋಸುತ್ತ, "ಯಾವ ಮೇಸ್ತ್ರಿ ಸಾ? ಎಸ್ರೇನು?" ಎಂದು ಕೇಳಿದ.

ನಾನು ಅವರ ಹೆಸರನ್ನು ಒಂದು ದಿನವೂ ಕೇಳಿರಲಿಲ್ಲ.