ನನ್ನ ನಡಿಗೆ, ಅವರ ಶುಗರ್

ಗೋಕಾಕದ ಡಾಕ್ಟರು ನನ್ನನ್ನೂ ಗಂಡನನ್ನೂ ಒಂದೇ ದಿನ ಮುಂದೆ ಕೂಡಿಸಿಕೊಂಡು ಹೇಳಿದರು: ಇಬ್ಬರಿಗೂ ಶುಗರ್ ಇದೆ, ಇಬ್ಬರೂ ದಿನಾ ಒಂದು ತಾಸು ನಡೆಯಬೇಕು. ನನಗೆ ಇನ್ನೊಂದು ಮಾತು ಸೇರಿಸಿದರು. ಅಂಗಾಲು ಜೋಮು ಹಿಡಿಯತೊಡಗಿದೆ, ಇನ್ನು ಗಾಯವಾದರೂ ತಿಳಿಯುವುದಿಲ್ಲ, ಅಸಡ್ಡೆ ಮಾಡಿದರೆ ಕಾಲೇ ಹೋದೀತು ಎಂದರು.

ಮನೆಗೆ ಬಂದು ಇಬ್ಬರ ಸುದ್ದಿಯನ್ನೂ ಅತ್ತೆಗೆ ನಾನೇ ಹೇಳಿದೆ. ಅವರು ಮಗನದಷ್ಟೇ ಕೇಳಿಸಿಕೊಂಡು ಅಳುತ್ತ ಕೂತರು. ಮರುದಿನವೇ ಮಗನಿಗೆ ಹೊಸ ಶೂ ಬಂತು. ಗಂಡ ಗೆಳೆಯರ ಜೊತೆ ಅರಭಾವಿ ಕಾಲೇಜಿನ ರಸ್ತೆಯಲ್ಲಿ ನಡೆದು, ಬರುವಾಗ ಮಿರ್ಚಿ ತಿಂದು ಮನೆ ಮುಟ್ಟುವ ಹೊತ್ತಿಗೆ ಸ್ನಾನಕ್ಕೆ ನೀರು ಕಾದಿರಬೇಕು. ಕಾಯಿಸುವವಳು ನಾನು. ನಾನೂ ಬರುತ್ತೇನೆ ಎಂದಾಗ ನಕ್ಕರು. "ನೀ ಎಲ್ಲಿ ಹೊಂಟಿ? ಮನ್ಯಾಗ ದಗದಾ ಮಾಡತಿಯಲ್ಲ, ಅದ ವ್ಯಾಯಾಮ." ಮದುವೆಯಾದಾಗಿನಿಂದ ಮನೆಗೆಲಸದ ಅದೇ ವ್ಯಾಯಾಮ ಮಾಡಿದ್ದೇನೆ. ಅದು ಶುಗರನ್ನೇನೂ ತಡೆಯಲಿಲ್ಲ.

ಒಬ್ಬಳೇ ಹೊರಟೆ. ನಮ್ಮ ಕಡೆ ಗಂಡಸು ನಡೆದರೆ ವಾಕಿಂಗು, ಹೆಂಗಸು ನಡೆದರೆ ಏನೋ ಆಗಿದೆ ಎಂದೇ ಅರ್ಥ. ಬೈಕುಗಳು ಬಾಜೂಕ್ಕೆ ಬಂದು ನಿಂತವು. "ಏನ್ರಿ ವೈನಿ, ಬಸ್ ತಪ್ಪಿತೇನ್ರಿ? ಹತ್ರಿ, ಬಿಡತೇನಿ." ಇನ್ನೊಬ್ಬ ದನಿ ತಗ್ಗಿಸಿ, "ಮನ್ಯಾಗ ಜಗಳಾ ಆಗೇತೇನ್ರಿ?" ಎಂದ. ನನಗಿಂತ ಮೊದಲೇ ಸುದ್ದಿ ಮನೆ ಮುಟ್ಟಿತ್ತು. ಅತ್ತೆ ನನ್ನ ಕೈಗೆ ನೀರು ತುಂಬಿದ ತಂಬಿಗೆ ಕೊಟ್ಟರು.

"ಮುತ್ತೈದಿ ಬರಿಗೈಲೆ ಅಡ್ಡಾಡಬಾರ್ದು. ಹಣಮಪ್ಪಗ ನೀರ ಹಾಕಿ, ಅಲ್ಲೇ ಸುತ್ತ ಹಾಕು. ಯಾರೂ ಏನೂ ಅನ್ನೂದಿಲ್ಲ."

ಖರೆ, ಯಾರೂ ಏನೂ ಅನ್ನಲಿಲ್ಲ. ಗುಡಿಯ ಸುತ್ತ ಗಾಣದ ಎತ್ತಿನಂತೆ ತಿರುಗಿದೆ. ಒಂದು ಸುತ್ತಿನಲ್ಲೂ ಭಕ್ತಿಯಿರಲಿಲ್ಲ, ಸಿಟ್ಟಿತ್ತು. ನನ್ನ ಕಾಲು ಉಳಿಸಿಕೊಳ್ಳಲು ನಾನು ದೇವರ ನೆವ ಹೇಳಬೇಕೇ? ಮೇಲಾಗಿ ಗುಡಿಯ ಅಂಗಳದಲ್ಲಿ ಚಪ್ಪಲಿ ಹಾಕುವಂತಿಲ್ಲ. ಗಂಡನ ಶೂ ಹಾಕಿದ ಕಾಲು ಡಾಂಬರಿನ ಮೇಲೆ, ನನ್ನ ಜೋಮು ಹಿಡಿದ ಕಾಲು ಬರಿಗಲ್ಲಿನ ಮೇಲೆ.

ಒಂದು ದಿನ ಪೂಜಾರಿ ನನ್ನನ್ನು ತಡೆದು ನೆಲ ತೋರಿಸಿದರು. ಹಾಸುಗಲ್ಲಿನ ಮೇಲೆ ರಕ್ತದ ಹೆಜ್ಜೆಗಳು. ಅಂಗಾಲು ಸೀಳಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಪೂಜಾರಿ ಕೈಮುಗಿದರು. "ಗಂಡನ ಸಲುವಾಗಿ ಎಂಥಾ ಹರಕಿ ಹೊತ್ತಿ ತಂಗಿ." ಸುತ್ತಲಿದ್ದ ಹೆಂಗಸರೂ ಹೌದೆಂದು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು.

ಮುಂದಿನ ತಪಾಸಣೆಯಲ್ಲಿ ಗಂಡನ ಶುಗರ್ ಇಳಿದಿತ್ತು. ನನ್ನದು ಇಳಿದಿರಲಿಲ್ಲ, ಗಾಯವೂ ಮಾಯ್ದಿರಲಿಲ್ಲ. ಅತ್ತೆ ಓಣಿಗೆಲ್ಲ ಸೊಸೆಯ ಹರಕೆಯ ಫಲ ಎಂದು ಹೇಳಿ ಬಂದರು. ಮರುದಿನ ನಾನು ಹೊರಟಾಗ ಬಾಗಿಲಲ್ಲೇ ನಿಲ್ಲಿಸಿದರು.

"ಹರಕಿ ಮುಟ್ಟಿತಲ್ಲ, ಇನ್ನ ಯಾಕ ಹೋಗತಿ? ಸಾಕ ಮಾಡು."

"ನಾ ಯಾವ ಹರಕಿನೂ ಹೊತ್ತಿದ್ದಿಲ್ರಿ ಅತ್ತಿ. ನನ್ನ ಶುಗರಿನ ಸಲುವಾಗಿ ನಡ್ಯಾಕತ್ತೇನಿ."

ಅವರು ನನ್ನ ಮುಖವನ್ನೇ ನೋಡಿದರು. ನಾಟಕವೇನೂ ಇರಲಿಲ್ಲ, ನಿಜವಾಗಿಯೂ ಬೆರಗಾಗಿದ್ದರು.

"ನಿನಗೂ ಐತೇನ?"

ಕಟ್ಟೆಯ ಮೇಲೆ ಕೂತು ಶೂ ಕಟ್ಟುತ್ತಿದ್ದ ನನ್ನ ಗಂಡ ತಲೆ ಎತ್ತಲಿಲ್ಲ.